ಮೊಬೈಲ್ ಅಜ್ಜಿ

“ಸಪ್ಪಗಾತ್ರಿ ಮೇಡಂ. ಇದು ಅಳೂದೇನ್ರಿ? ನೆಗಡಿ ಬಂದಂಗ ಐತಿ,” ಎಂದ ಮುಕ್ತಾರ ಫೋನಿನಲ್ಲಿ. “ಮೊಬೈಲ್ ಒಡದು ಮುದುಕಿ ಅಳಬೇಕು, ಕೇಳಿದ ಮಂದಿ ಬಿದ್ದಬಿದ್ದು ನಗಬೇಕು. ಸಂಜಿಗೆ ಇನ್ನೊಂದು ರೆಕಾರ್ಡಿಂಗ್ ಕಳಸ್ರಿ. ಆಗಲಿಲ್ಲಂದ್ರ ಬಿಡ್ರಿ, ಬ್ಯಾರೆದವರನ್ನ ನೋಡತೇನಿ.”

ಬೇರೆಯವರನ್ನು ನೋಡಿದರೆ ಸುಜಾತಾಳ ಕತೆ ಮುಗಿದಂತೆಯೇ. ನವನಗರದ ಶಾಲೆಯ ಕೆಲಸ ಬಿಟ್ಟು, ಜಾಹೀರಾತಿಗೆ ದನಿ ಕೊಡುತ್ತೇನೆಂದು ಅವಳು ಮನೆಯಲ್ಲಿ ಕುಳಿತು ಎಷ್ಟೋ ತಿಂಗಳಾಗಿತ್ತು. ಫ್ರೀಲಾನ್ಸ್ ಅಂದರೆ ಏನೆಂದು ಗೋಪನಕೊಪ್ಪದ ಓಣಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಓಣಿಯವರು ಮಾತ್ರ ‘ಪಾಪ, ಕೆಲಸ ಹೋಗೇತಂತ’ ಎಂದೇ ತಿಳಿದಿದ್ದರು. ಜಾಹೀರಾತು ಮಾಡಿಕೊಡುವ ಮುಕ್ತಾರನದು ಅವಳಿಗೆ ಸಿಕ್ಕ ಮೊದಲ ಕೆಲಸ. ಮೊಬೈಲ್ ರಿಪೇರಿ ಅಂಗಡಿಯೊಂದರ ಜಾಹೀರಾತು. ಆಟೋಕ್ಕೆ ಸ್ಪೀಕರ್ ಕಟ್ಟಿ ಊರೆಲ್ಲ ಸಾರುವಂಥದ್ದು.

ಹೊರಗಿನ ಸದ್ದು ಬರಬಾರದೆಂದು ತಲೆ ಮೇಲೆ ಕೌದಿ ಹೊದ್ದು, ಮೈಕಿನ ಮುಂದೆ ಅವಳು ಮತ್ತೆ ಅತ್ತಳು. ಊಹೂಂ, ಬರಲಿಲ್ಲ. ಆಗ ನೆನಪಾಯಿತು, ಅಪ್ಪ ಸತ್ತ ದಿನ ಅಜ್ಜಿ ದುರಗವ್ವ ಮಗನ ಗಲ್ಲ ಹಿಡಿದು ಅತ್ತದ್ದು. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ದುರಗವ್ವನನ್ನೇ ಕರೆಯುತ್ತಿದ್ದರು. ಸತ್ತವರ ಗುಣ ನೆನೆನೆನೆದು, ರಾಗ ಎಳೆದು ಅವಳು ಹಾಡ್ಯಾಡಿ ಅಳತೊಡಗಿದರೆ, ಗಟ್ಟಿಯಾಗಿ ಕುಳಿತವರ ದುಃಖವೂ ಒಡೆದು ಹೊರಗೆ ಬರುತ್ತಿತ್ತು. ಸುಜಾತಾ ಕಣ್ಣು ಮುಚ್ಚಿದಳು. ಅದೇ ರಾಗ, ಅದೇ ನಡುಗುವ ದನಿ, ಅವೇ ಮಾತು: “ಯಪ್ಪಾ ನನ್ನ ಬಂಗಾರಾ... ದಿನಾ ನನ್ನ ಕೂಡ ಮಾತಾಡಾಂವಾ... ಇವತ್ತ್ಯಾಕ ಸುಮ್ಮನಾದ್ಯೋ ನನ್ನ ಕಂದಾ...”

ಅದನ್ನು ಕೇಳಿದ ಮುಕ್ತಾರ ಫೋನಿನಲ್ಲೇ ಬಿದ್ದುಬಿದ್ದು ನಕ್ಕ. “ಎಂಥಾ ಆರ್ಟಿಸ್ಟ್ ಅದೀರ್ರಿ ಮೇಡಂ! ಇಷ್ಟು ದಿನ ಎಲ್ಲಿದ್ರಿ?” ಸುಜಾತಾಳೂ ನಕ್ಕಳು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ವಾರದೊಳಗೆ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ನೋಡಿದರೂ ‘ಮೊಬೈಲ್ ಅಜ್ಜಿ’. ಹುಡುಗರು ಅದಕ್ಕೆ ರೀಲ್ಸ್ ಮಾಡಿದರು. ಅವಳಿಗೆ ಇನ್ನೂ ನಾಲ್ಕು ಕಡೆಯಿಂದ ಕೆಲಸ ಬಂತು. ದನಿ ತನ್ನದೆಂದು ಮಾತ್ರ ಅವಳು ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಅಜ್ಜಿ ಫೋನು ಮುಟ್ಟುವವಳಲ್ಲ, ಮೊಣಕಾಲು ನೋವಿನಿಂದ ಪ್ಯಾಟಿಗೆ ಹೋಗುವವಳೂ ಅಲ್ಲ. ಇಕ್ಕಟ್ಟಿನ ಓಣಿಯೊಳಗೆ ಆ ಆಟೋ ಬರುತ್ತಲೂ ಇರಲಿಲ್ಲ. ಅವಳ ಕಿವಿಗೆ ಹೇಗೆ ಬಿದ್ದೀತು ಎಂದುಕೊಂಡು ಆರಾಮಾಗಿದ್ದಳು.

ಹಿಂದಿನ ಮನೆಯ ಹನುಮಂತಪ್ಪ ತೀರಿಕೊಂಡಾಗ ದುರಗವ್ವ ಮೊಮ್ಮಗಳ ಕೈ ಹಿಡಿದುಕೊಂಡು ಹೋದಳು. ಅವನ ಹೆಂಡತಿ ಪ್ರಭಾವತಿ ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ ಗೋಡೆಗೆ ಆತು ಕುಳಿತಿದ್ದಳು. “ಅಕಿ ಮುಂಜಾನಿಂದ ಹಿಂಗ ಕುಂತಾಳ ಅಜ್ಜಿ. ನೀವರ ಅಕಿನ್ನ ಅಳಸ್ರಿ, ಎದಿ ಹಗರಾಗಲಿ,” ಎಂದರು ಹೆಂಗಸರು. ದುರಗವ್ವ ಹೆಣದ ಪಕ್ಕ ಕುಳಿತು, ಸೆರಗು ಎಳೆದುಕೊಂಡು ರಾಗ ತೆಗೆದಳು. “ಯಪ್ಪಾ ನನ್ನ ಬಂಗಾರಾ... ದಿನಾ ನನ್ನ ಕೂಡ ಮಾತಾಡಾಂವಾ...”

ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು “ಏ, ಮೊಬೈಲ್ ಅಜ್ಜಿ!” ಎಂದಳು. ನಗೆಯೆಂಬ ಹಾಳಾದದ್ದು ತಡೆದಷ್ಟೂ ಉಕ್ಕುತ್ತದೆ. ದೊಡ್ಡವರೂ ಸೆರಗು ಬಾಯಿಗೊತ್ತಿಕೊಂಡರು. ಕೊನೆಗೆ ಪ್ರಭಾವತಿ, ಗಂಡನ ಹೆಣದ ಮುಂದೆ ಕುಳಿತ ಪ್ರಭಾವತಿಯೇ, ಫಕ್ಕನೆ ನಕ್ಕುಬಿಟ್ಟಳು. ನಕ್ಕವಳು ಹೌಹಾರಿ ತನ್ನ ಬಾಯಿಗೆ ತಾನೇ ಪಟಪಟನೆ ಹೊಡೆದುಕೊಂಡಳು.

ದುರಗವ್ವನ ದನಿ ನಿಂತಿತು. ಸೆರಗು ಜಾರಿದೆಯೇನೋ ಎಂದು ಮುಟ್ಟಿ ನೋಡಿಕೊಂಡಳು. ಕುಪ್ಪಸ ನೋಡಿಕೊಂಡಳು. ಮುಖಕ್ಕೇನಾದರೂ ಮೆತ್ತಿದೆಯೇ ಎಂದು ಒರೆಸಿಕೊಂಡಳು. ಸುಜಾತಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ‘ಅಜ್ಜಿಯದೇನೂ ತಪ್ಪಿಲ್ಲ, ಆ ಜಾಹೀರಾತಿನ ದನಿ ನನ್ನದು, ನನಗೆ ಉಗುಳಿರಿ’ ಎಂದು ಎದ್ದು ನಿಂತು ಹೇಳಬೇಕಿತ್ತು. ಎದ್ದಳು, ಆದರೆ ಅಜ್ಜಿಯ ರಟ್ಟೆ ಹಿಡಿದು ಹೊರಗೆ ಕರೆತಂದಳು.

“ಯಾಕ ನಕ್ಕರವ್ವಾ ಎಲ್ಲಾರೂ? ನಾ ಏನರ ತಪ್ಪು ಅಂದ್ನೇನು?”

“ಇಲ್ಲಜ್ಜಿ.”

“ಮತ್ತ? ಸತ್ತ ಮನ್ಯಾಗ ಯಾರರ ಸುಮ್ಮಸುಮ್ಮನ ನಗತಾರೇನು? ಖರೇ ಹೇಳು.”

ಹೇಳಲು ಸುಜಾತಾ ಬಾಯಿ ತೆರೆದಳು. ಹೊರಗೆ ಬಂದದ್ದೇ ಬೇರೆ. “ನಿನ್ನ ದನಿ ಕೆಟ್ಟೈತಜ್ಜಿ. ವಯಸ್ಸಾತಲ್ಲ. ಕೇಳಾಕ ಒಂಥರಾ ಅನಸ್ತೈತಿ.” ಹೇಳಿದ ಮೇಲೆ ತನ್ನ ನಾಲಿಗೆಯ ಬಗ್ಗೆ ಅವಳಿಗೇ ಹೇಸಿಗೆ ಬಂತು.

ದುರಗವ್ವ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. “ಹೌದೇನವ್ವಾ... ನನಗ ತಿಳೀಲೇ ಇಲ್ಲ ನೋಡು. ಛೇ, ಪ್ರಭಾವತಿಗೆ ಎಷ್ಟ ಸಂಕಟ ಆತೋ ಏನೋ. ಇನ್ನ ಮ್ಯಾಲೆ ನಾ ಬಾಯಿ ತೆಗ್ಯಂಗಿಲ್ಲ ಬಿಡು.”

ಸತ್ತ ಮನೆಗೆ ಹೋಗಿ ಬಂದವರು ಹಾಗೇ ಒಳಗೆ ಬರುವಂತಿಲ್ಲ. ಸುಜಾತಾ ಕೊಡಪಾನ ತಂದು, ಬಾಗಿಲ ಹೊರಗೆ ಬಗ್ಗಿ ಅಜ್ಜಿಯ ಕಾಲಿಗೆ ನೀರು ಹಾಕಿದಳು. ತಲೆ ಎತ್ತಿ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಬಗ್ಗಿದ ಆ ತಲೆಯ ಮೇಲೆ ದುರಗವ್ವ ಕೈ ಇಟ್ಟಳು.

“ಹೋಗಲಿ ಬಿಡು. ನಾ ಸತ್ತಾಗ ನೀನ ಹಾಡ್ಯಾಡಿ ಅಳಬೇಕು ನೋಡು, ನಮ್ಮವ್ವ. ನಿನ್ನ ದನಿಗೆ ಯಾರೂ ನಗಂಗಿಲ್ಲ.”