ಅರಿಶಿನದ ಕೊಂಬು

ಅರಿಶಿನದ ಕೊಂಬು ಜಜ್ಜುವಾಗ ಇವತ್ತಿಗೂ ನನ್ನ ಎಡಮಂಡಿ ತಾನಾಗಿಯೇ ಬಿಗಿಯುತ್ತದೆ.

ಆಗ ನನಗೆ ಎಂಟು ವರ್ಷ. ಮಂಡಿ ಊದಿಕೊಂಡು, ಬೆಳಗ್ಗೆ ಎದ್ದರೆ ಕಾಲು ಮಡಚಲು ಆಗುತ್ತಿರಲಿಲ್ಲ. ಸಂಧಿವಾತ ಕೀಲನ್ನು ಒಳಗೊಳಗೇ ಎಷ್ಟು ಸವೆಸಿದೆಯೋ ನೋಡಬೇಕೆಂದು ಡಾಕ್ಟರು ಎಂಆರ್‌ಐಗೆ ಬರೆದುಕೊಟ್ಟಿದ್ದರು. ಅರಕಲಗೂಡಿನಿಂದ ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ, ನಾನು ನಾಲ್ಕೂ ಜನ ಬಸ್ಸಿನಲ್ಲಿ ಹಾಸನಕ್ಕೆ ಬಂದಿದ್ದೆವು.

"ಮಗು ಜೊತೆ ತಾಯಿ ಇರಬಹುದು. ಆದ್ರೆ ಮೈಮೇಲೆ ಲೋಹ ಇರಬಾರ್ದು. ತಾಳೀನೂ ತೆಗೀಬೇಕಮ್ಮ," ಎಂದಳು ನರ್ಸ್.

ಅವ್ವ ಕೊರಳು ಮುಟ್ಟಿಕೊಂಡಳು. ಅಜ್ಜಿ ಗದರಿದಳು: "ನನ್ ಮಗ ಎದುರ್ಗೇ ಕುಂತವ್ನೆ, ಬರಿ ಕೊರಳಾಗ್ತೀಯೇನವ್ವಾ? ಮೊದ್ಲು ಇದ ಕಟ್ಕೊ, ಆಮೇಲೆ ಅದ ಬಿಚ್ಚು."

ಯಾರಿಂದಲೋ ಮೊದಲೇ ಕೇಳಿ ತಿಳಿದಿದ್ದಳೇನೋ, ದಾರ ಸುತ್ತಿದ ಅರಿಶಿನದ ಕೊಂಬೊಂದು ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಅದನ್ನು ಕಟ್ಟಿಕೊಂಡು ಅವ್ವ ತಾಳಿ ಬಿಚ್ಚಿ ಬೆಂಚಿನಲ್ಲಿ ಕೂತಿದ್ದ ಅಪ್ಪನ ಅಂಗೈಗೆ ಹಾಕಿದಳು.

ಒಳಗೆ ನನ್ನ ಕಾಲುಗಳನ್ನು ಯಂತ್ರದೊಳಕ್ಕೆ ತಳ್ಳಿದರು. ಅಲ್ಲಾಡಬಾರದು ಎಂದರು. ಸುತ್ತಿಗೆಯ ಏಟಿನಂಥ ಸದ್ದು ಶುರುವಾಯಿತು. ಅವ್ವ ನನ್ನ ಮುಖದ ಮೇಲೆ ಬಗ್ಗಿ ನಿಂತಿದ್ದಳು. ಕೊಂಬು ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ನಾನು ಅಲುಗಿದರೆ ಆ ತೆಳ್ಳನೆಯ ದಾರ ಕಡಿದುಬಿಡುತ್ತದೆ, ಹೊರಗೆ ಅಪ್ಪ ಸತ್ತುಹೋಗುತ್ತಾನೆ ಎನಿಸಿತು. ಮೂಗು ತುರಿಸಿದರೂ ಉಸಿರು ಬಿಗಿಹಿಡಿದು ಮಲಗಿದೆ.

ಹೊರಗೆ ಬಂದಾಗ ಅಪ್ಪ ಅದೇ ಬೆಂಚಿನಲ್ಲಿ ಮುಷ್ಟಿ ಕಟ್ಟಿ ಕೂತಿದ್ದ. ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನೀನು ಒಳಕ್ಕೋದಾಗಿಂದ ನಿಮ್ಮಪ್ಪ ಅಲ್ಲಾಡೇ ಇಲ್ಲ ಕಣವ್ವ," ಎಂದಳು ಅಜ್ಜಿ.