ಗುಡ್ಡದ ಈಚೆ

ಜಬೀನ್ ವಿಮಾನವನ್ನು ಬಲಕ್ಕೆ ಹೊರಳಿಸಲು ಹೊರಟ ಕೂಡಲೇ ಪಕ್ಕದ ಸೀಟಿನಲ್ಲಿದ್ದ ತರಬೇತುದಾರ ಬಾಲರಾಜು ತಮ್ಮ ಮುಂದಿನ ಸ್ಟಿಕ್ಕನ್ನು ಎಡಕ್ಕೆ ಒತ್ತಿ ಹಿಡಿದರು. ಎರಡು ಸ್ಟಿಕ್ಕುಗಳೂ ಒಂದಕ್ಕೊಂದು ಜೋಡಿಸಿದಂಥವು. ಅವಳ ಕೈ ಬಲಕ್ಕೆ ಒತ್ತುತ್ತಲೇ ಇದ್ದುದರಿಂದ ಆ ಪುಟ್ಟ ವಿಮಾನ ಯಾವ ಕಡೆಗೂ ಹೊರಳದೆ, ನೇರವಾಗಿ ಜಟಿಂಗ ರಾಮೇಶ್ವರ ಗುಡ್ಡದತ್ತಲೇ ಹೋಗತೊಡಗಿತು.

“ಗುಡ್ಡದ ಆಚೆ ಹೋಗಬ್ಯಾಡ ಅಂದಿದ್ನಲ್ಲಮ್ಮ,” ಎಂದರು ಬಾಲರಾಜು. ಬಲಗಡೆ, ಕುದಾಪುರದ ರಕ್ಷಣಾ ಪರೀಕ್ಷಾ ನೆಲೆಯ ಮೇಲಿನ ಆಕಾಶದ ಸುತ್ತ ಅವರ ನಕ್ಷೆಯಲ್ಲಿ ಕೆಂಪು ಗೆರೆ ಎಳೆದಿತ್ತು. ಅನುಮತಿಯಿಲ್ಲದೆ ಅದನ್ನು ದಾಟಿದರೆ ಇಬ್ಬರ ಲೈಸೆನ್ಸಿಗೂ ಕುತ್ತು.

“ಆಚೆ ಎಲ್ಲಿ ಹೋದೆ ಸರ್? ಈಚೆಗೇ ಬರ್ತಾ ಇದೀನಿ, ಚಳ್ಳಕೆರೆ ಕಡೆಗೆ.”

ಬಾಲರಾಜು ಅವಳ ಮುಖ ನೋಡಿದರು. “ನಿಮ್ಮ ಮನೆ ಚಳ್ಳಕೆರೇನಾ?”

“ಹೂಂ ಸರ್. ಅಬ್ಬಾದು ಅಲ್ಲೇ ಗ್ಯಾರೇಜ್ ಐತೆ.”

“ನಂದು ಈ ಎಡಗಡೆ ಮೊಳಕಾಲ್ಮೂರು. ನಮಗೆ ಚಳ್ಳಕೆರೇನೇ ಆಚೆ.”

ಸ್ಟಿಕ್ಕಿನ ಮೇಲೆ ಅವಳ ಬೆರಳುಗಳು ಸಡಿಲವಾದವು. ವಿಮಾನ ಎಡಕ್ಕೆ ವಾಲಿತು. ಗುಡ್ಡ, ಅದರ ಮೇಲಿನ ಗುಡಿ ಬಲರೆಕ್ಕೆಯ ಪಕ್ಕದಲ್ಲಿ ಹಿಂದಕ್ಕೆ ಸರಿದವು. ಬಾಲರಾಜು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಈಗ ಎಲ್ಲಿದೀವಿ, ಹೇಳು.”

ಜಬೀನ್ ನಕ್ಷೆ ನೋಡಲಿಲ್ಲ. ರೆಕ್ಕೆಯಾಚೆ, ದೂರದಲ್ಲಿ ಚಳ್ಳಕೆರೆಯಿದ್ದ ದಿಕ್ಕಿಗೆ ಒಮ್ಮೆ ತಿರುಗಿದಳು.

“ಈಚೆ ಸರ್,” ಎಂದಳು. “ನಮ್ಮನೆ ಆಚೆ ಉಳೀತು.”