ಕೊಸರಿನ ಲೋಟ

“ಒಂದು ಲೋಟ ಜ್ಯೂಸ್ ಕೇಳಿದ್ದೆವು. ಜೊತೆಗೆ ಯಾರೋ ಕುಡಿದು ಬಿಟ್ಟಂಥ ಅರ್ಧ ಲೋಟವನ್ನೂ ಕಳಿಸಿದ್ದಾರೆ. ಅಸಹ್ಯ.” ಕಾಲೇಜು ಹುಡುಗಿ ನೈದಾ ಫೋನಿನಲ್ಲಿ ಬಂದ ದೂರನ್ನು ಓದಿ ಮುಗಿಸಿದಾಗ, ಜ್ಯೂಸ್ ಅಂಗಡಿಯ ಒಡತಿ ಗ್ರಿಮಾನೆಸಾ ಹಣ್ಣು ಹೆಚ್ಚುವುದನ್ನೇ ನಿಲ್ಲಿಸಿದಳು. ದೂರಿನ ಕೆಳಗೆ ಒಂದೇ ಒಂದು ನಕ್ಷತ್ರವಿತ್ತು.

“ಅದು ಕೊಸರು ಕಣೇ,” ಅಂದಳು. “ಕುಸ್ಕೊದಲ್ಲಿದ್ದುಕೊಂಡು ಕೊಸರು ಅಂದ್ರೆ ಗೊತ್ತಿಲ್ವಾ ಅವರಿಗೆ?”

“ತಂದುಕೊಟ್ಟವನು ಬೈಕಿನವನು, ನೀನಲ್ಲ. ಅವರಿಗೆ ಹೇಗೆ ಗೊತ್ತಾಗ್ಬೇಕು ಹೇಳಮ್ಮಾ. ಇನ್ನು ಮೇಲೆ ಕಳಿಸ್ಬೇಡ. ನಕ್ಷತ್ರ ಕಮ್ಮಿಯಾದ್ರೆ ನನ್ನ ಮಾರ್ಕ್ಸ್ ಹೋಗತ್ತೆ.”

ಮಾರ್ಕ್ಸಿನ ಸಂಗತಿ ಹೀಗೆ. ವಿಶ್ವವಿದ್ಯಾಲಯದವರು ವ್ಯಾಪಾರದ ಪಾಠಕ್ಕೆ ಪರೀಕ್ಷೆ ಇಡುವುದನ್ನೇ ಬಿಟ್ಟಿದ್ದರು. ಒಬ್ಬೊಬ್ಬರೂ ನಿಜವಾದ ಒಂದು ಅಂಗಡಿ ಹಿಡಿದು, ಅದರ ವ್ಯಾಪಾರವನ್ನು ಫೋನಿಗೆ ಹತ್ತಿಸಬೇಕು. ಗಿರಾಕಿಗಳು ಕೊಡುವ ನಕ್ಷತ್ರಗಳ ಮೇಲೆ ಅಂಕ. ಉಳಿದವರು ಚೌಕದ ಸುತ್ತಲಿನ ಥಳಕಿನ ಕಾಫಿ ಅಂಗಡಿಗಳಿಗೆ ಮುಗಿಬಿದ್ದರೆ, ನೈದಾ ಮಾರುಕಟ್ಟೆಯ ಜ್ಯೂಸ್ ಸಾಲಿಗೆ ಬಂದಳು. ಸಿಕುವಾನಿಯಿಂದ ಓದಲು ಬಂದ ಹುಡುಗಿಗೆ ಈ ಊರಲ್ಲಿ ಬೇರೆ ಯಾರು ಗೊತ್ತಿದ್ದರು? ಮೊದಲ ವರ್ಷವೆಲ್ಲ ಅವಳು ಗ್ರಿಮಾನೆಸಾಳ ಎದುರಿನ ಬೆಂಚಿನ ಮೇಲೆ ಕೂತು, ಲೋಟ ಖಾಲಿಯಾದೊಡನೆ “ಕೊಸರು ಹಾಕು, ಕಸೇರಾ” ಅನ್ನುತ್ತಲೇ ಕಾಲ ಕಳೆದವಳು. ಕೊಳ್ಳುವವಳೂ ಕಸೇರಾ, ಮಾರುವವಳೂ ಕಸೇರಾ. ನಮ್ಮಲ್ಲಿ ಕರೆಯುವುದೇ ಹಾಗೆ. ಮಿಕ್ಸಿಯ ಜಾರಿನಲ್ಲಿ ಉಳಿದದ್ದನ್ನು ಲೋಟಕ್ಕೆ ಸುರಿದರೆ ಅದು ಕೊಸರು. ಮೊದಲ ಲೋಟ ಬಾಯಾರಿಕೆಗೆ, ಕೊಸರು ಮಾತಿಗೆ. ಗಂಡ ಸತ್ತ ಮೇಲೆ ಗ್ರಿಮಾನೆಸಾಳ ಮಾತುಕತೆಯೆಲ್ಲ ಆ ಅರ್ಧ ಲೋಟದಲ್ಲೇ ನಡೆಯುತ್ತಿತ್ತು. ಫೋನಿನ ಗಿರಾಕಿಗಳು ತನ್ನನ್ನು ನೋಡದಿದ್ದರೆ ಬೇಡ, ಕೊಸರಾದರೂ ಅವರನ್ನು ಮುಟ್ಟಲಿ ಎಂದು ಕಳಿಸಿದ್ದಳು ಪಾಪ.

ಅವಳ ಮುಖ ಬಾಡಿದ್ದು ಕಂಡಿರಬೇಕು, ಬೇಕಾದರೆ ಪರದೆಯ ಮೇಲೆ ‘ಕೊಸರು’ ಅಂತ ಒಂದು ಗುಂಡಿ ಇಡುತ್ತೇನೆ, ಬೇಕಾದವರು ಒತ್ತಲಿ ಎಂದಳು ನೈದಾ.

“ಒತ್ತಿ ತಗೊಳ್ಳೋದು ಕೊಸರಾ? ಬಾಯಿಬಿಟ್ಟು ಕೇಳ್ಬೇಕು, ನಾನು ಒಂಚೂರು ಬಿಂಕ ಮಾಡ್ಬೇಕು, ಆಮೇಲೆ ಹಾಕ್ಬೇಕು. ಹೋಗ್ಲಿ ಬಿಡು. ನಿನ್ನ ಮಾರ್ಕ್ಸ್ ಕೆಡೋದು ಬೇಡ.”

ಕೊಸರು ನಿಂತಿತು, ನಕ್ಷತ್ರಗಳು ಏರಿದವು. ವ್ಯಾಪಾರವೂ ಏರಿತು, ಸುಳ್ಳು ಯಾಕೆ ಹೇಳಬೇಕು. ಲೋಟ, ಮುಚ್ಚಳ, ಚೀಲಗಳ ರಾಶಿಗೆ ಜಾಗ ಬೇಕಾಗಿ ಬೆಂಚನ್ನು ಗೋಡೆಗೆ ಸರಿಸಿ, ಅದರ ಮೇಲೆ ಡಬ್ಬಿ ಪೇರಿಸಿದ್ದಾಯಿತು. ಹಳೆಯ ಗಿರಾಕಿಗಳು ಕೂರಲು ಜಾಗವಿಲ್ಲದೆ ಒಂದಷ್ಟು ಹೊತ್ತು ಕಾಲು ಬದಲಿಸುತ್ತ ನಿಂತು, ಪಕ್ಕದ ಅಂಗಡಿಯ ಬೆಂಚಿಗೆ ಹೋದರು. ಆ ಕಡೆಯಿಂದ ನಗು ಕೇಳಿದಾಗೆಲ್ಲ ಗ್ರಿಮಾನೆಸಾ ಮಿಕ್ಸಿಯನ್ನು ಸುಮ್ಮನೆ ಜೋರಾಗಿ ತಿರುಗಿಸುತ್ತಿದ್ದಳು. ದಿನವಿಡೀ ಅವಳೊಡನೆ ಮಾತಾಡುತ್ತಿದ್ದದ್ದು ಫೋನಿನ ಟಿಣ್ ಸದ್ದೊಂದೇ. ಆದರೂ ಗುರುವಾರ ಅಂತ ಒಂದಿತ್ತಲ್ಲ, ಆವತ್ತು ನೈದಾ ಫೋಟೊ, ಲೆಕ್ಕ ಅಂತ ಬರುತ್ತಿದ್ದಳು. ವಾರದ ಮಾತನ್ನೆಲ್ಲ ಕೂಡಿಟ್ಟುಕೊಂಡು ಗ್ರಿಮಾನೆಸಾ ಅವಳಿಗಾಗಿ ಕಾಯುತ್ತಿದ್ದಳು.

ಅಂಥದೇ ಒಂದು ಗುರುವಾರ ಹುಡುಗಿ ಕುಣಿಯುತ್ತ ಬಂದಳು. ತರಗತಿಗೇ ಮೊದಲ ಸ್ಥಾನ. ಅಪ್ಪಿಕೊಂಡಳು, ಅತ್ತಳು, ಎಲ್ಲ ನಿನ್ನಿಂದ ಅಂದಳು. ಗ್ರಿಮಾನೆಸಾ ಗಡಿಬಿಡಿಯಲ್ಲಿ ಪಪ್ಪಾಯಿ ರುಬ್ಬಿ, ಬೆಂಚಿನ ಮೇಲಿನ ಡಬ್ಬಿ ಇಳಿಸಲು ಹೋದರೆ, ಗೆಳತಿಯರು ಹೊರಗೆ ಕಾಯುತ್ತಿದ್ದಾರೆ, ಮುಚ್ಚಳ ಹಾಕಿಕೊಡು, ಬರುತ್ತಾ ಇರುತ್ತೇನೆ ಎಂದು ಲೋಟ ಹಿಡಿದು ನಡೆದೇಬಿಟ್ಟಳು. ಅಂತೂ ಹುಡುಗಿಗೆ ಗೆಳತಿಯರು ಸಿಕ್ಕಿದರು, ಒಳ್ಳೆಯದೇ ಆಯಿತು ಅಂದುಕೊಂಡಳು ಗ್ರಿಮಾನೆಸಾ. ಜಾರಿನಲ್ಲಿ ಉಳಿದದ್ದನ್ನು ಚೆಲ್ಲಲು ಮಾತ್ರ ಮನಸ್ಸು ಬರಲಿಲ್ಲ.

ಆಮೇಲೆ ಗುರುವಾರವೂ ಬುಧವಾರದ ಹಾಗೇ ಆಗಿಹೋಯಿತು. ರಜೆಗೆ ಊರಿಗೆ ಹೋಗಿರಬೇಕು, ಕೆಲಸ ಸಿಕ್ಕಿ ಲಿಮಾಕ್ಕೆ ಹೋಗಿರಬೇಕು ಎಂದು ಹುಡುಗಿಯ ಪರವಾಗಿ ತಾನೇ ನೆಪ ಹುಡುಕಿ ಸಮಾಧಾನ ಮಾಡಿಕೊಂಡಳು.

ಒಂದು ಮಧ್ಯಾಹ್ನ ಫೋನು ಟಿಣ್ ಎಂದಿತು. ಪಪ್ಪಾಯಿ, ಕಿತ್ತಳೆ, ಸಕ್ಕರೆ ಬೇಡ. ಹೆಸರು ನೈದಾ. ವಿಳಾಸ ಮಾರುಕಟ್ಟೆಯ ಹಿಂದಿನ ಬೀದಿ. ಕೊನೆಯಲ್ಲಿ ಬರೆದಿದ್ದಳು: ‘ಕೊಸರು ಹಾಕು, ಕಸೇರಾ.’

ಗ್ರಿಮಾನೆಸಾಳ ಎದೆ ಚುರ್ ಎಂದಿತು. ಹಿಂದಿನ ಬೀದಿ! ಆದರೂ ಕೊಸರು ಕೇಳಿದ್ದಾಳಲ್ಲ ಎಂದು ಹಿಗ್ಗೂ ಆಯಿತು. ಲೋಟ ತುಂಬಿ, ಮುಚ್ಚಳ ಒತ್ತಿ ಬೈಕಿನವನಿಗೆ ಕೊಟ್ಟಳು. ಅವನು ತನ್ನ ಫೋನು ನೋಡಿ, ಕೊಸರಿನ ಲೋಟ ಎಲ್ಲಿ ಎಂದ.

“ಕೊಸರು ಕಳಿಸ್ಬಾರ್ದು ಅಂತ ಅವಳೇ ಹೇಳಿಕೊಟ್ಟಿದ್ದು,” ಅಂದಳು. “ಬೆಂಚಿನ ಮೇಲೆ ಇಟ್ಟಿರ್ತೀನಿ, ಬಂದು ಕುಡೀಲಿ ಅನ್ನು. ಮರೀಬೇಡ ಕಣಪ್ಪಾ, ಹಾಗೇ ಹೇಳು.”

ಅವನು ಹೋದ ಮೇಲೆ ಡಬ್ಬಿಗಳನ್ನೆಲ್ಲ ಇಳಿಸಿದಳು. ಬೆಂಚನ್ನು ಹಳೆಯ ಜಾಗಕ್ಕೆ ಎಳೆದು ತಂದು ಒರೆಸಿದಳು. ಗಾಜಿನ ಲೋಟ ತೊಳೆದು, ಜಾರಿನಲ್ಲಿ ಉಳಿದದ್ದನ್ನು ಸುರಿದು ಅದರ ಮೇಲಿಟ್ಟಳು. ಬೈಕಿನವನು ತಲುಪಿರಬೇಕು, ಹೇಳಿರಬೇಕು, ಹೊರಟಿರಬೇಕು ಎಂದು ಮಾರುಕಟ್ಟೆಯ ಬಾಗಿಲನ್ನೇ ನೋಡುತ್ತ ನಿಂತಳು. ಲೋಟದ ನೊರೆ ಇಳಿಯಿತು.

ಫೋನು ಟಿಣ್ ಎಂದಿತು. ನೈದಾ ಐದು ನಕ್ಷತ್ರ ಕೊಟ್ಟಿದ್ದಳು.